ಓದುಗರ ಪ್ರಶ್ನೆ, ನಮ್ಮ ಉತ್ತರ: ಸರ್ಕಾರಿ ಕಾಡು ಯಾರ ಕೈಗೆ?

1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಕಿರುಲೇಖನವನ್ನು ಓದಿ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ಬೆಳಗಿನ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ನಮ್ಮ ಗೆಳೆಯರ ಬಳಗದಲ್ಲಿ ಈಚೆಗೆ ಇದೇ ಚರ್ಚೆ. 2023ರ ತಿದ್ದುಪಡಿಯಾದ ಮೇಲೆ ಸರ್ಕಾರವು ತನಗೆ ಬೇಕೆನಿಸಿದ ಅರಣ್ಯವನ್ನು ಖಾಸಗಿಯವರಿಗೆ ಮಾರಿಬಿಡಬಹುದು ಎಂದು ಕೆಲವರು ಹೇಳುತ್ತಾರೆ. ಇದು ನಿಜವೇ? ನಮ್ಮ ಬೆಟ್ಟದ ಗತಿಯೇನು?
— ನಿವೃತ್ತ ಅಧ್ಯಾಪಕರು, ಕುವೆಂಪುನಗರ, ಮೈಸೂರು

ಉತ್ತರ: ಮಾರಬಹುದು ಎಂಬ ಮಾತಿನಲ್ಲಿ ಹುರುಳಿಲ್ಲ. ಆದರೂ ನಿಮ್ಮ ಬಳಗದ ಆತಂಕವನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ನಮ್ಮ ದೇಶದಲ್ಲಿ ಸರ್ಕಾರಿ ಕಾಡು ಕೈತಪ್ಪುವುದು ಕ್ರಯಪತ್ರದ ಮೂಲಕ ಅಲ್ಲವೇ ಅಲ್ಲ. ಒಡೆತನ ಕಾಗದದಲ್ಲಿ ಸರ್ಕಾರದ್ದಾಗಿಯೇ ಉಳಿದಿರುತ್ತದೆ. ಬಳಕೆ ಬದಲಾಗುತ್ತದೆ, ಗುತ್ತಿಗೆ ಬರೆಯಲಾಗುತ್ತದೆ, ಇಲ್ಲವೇ ಪಟ್ಟಿಯಿಂದ ಒಂದು ಸರ್ವೆ ನಂಬರು ಬಿಟ್ಟುಹೋಗುತ್ತದೆ. ಆದುದರಿಂದ ಮಾರಾಟದ ಸುದ್ದಿಗೆ ಕಾದು ಕುಳಿತವರಿಗೆ ನಿಜವಾಗಿ ನಡೆದದ್ದು ತಿಳಿಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಹಳೆಯ ಮೈಸೂರು ಸಂಸ್ಥಾನದಲ್ಲಿ 1900ರ ಅರಣ್ಯ ರೆಗ್ಯುಲೇಷನ್ ಪ್ರಕಾರ ಕಾಡುಗಳನ್ನು ಸರ್ಕಾರ ಕಾಯ್ದಿರಿಸುತ್ತಿತ್ತು. ಈಗ ಜಾರಿಯಲ್ಲಿರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ. ಇದರ 4ನೇ ಸೆಕ್ಷನ್ನಿನಡಿ ಒಂದು ಪ್ರದೇಶವನ್ನು ಮೀಸಲು ಅರಣ್ಯ ಮಾಡುವ ಉದ್ದೇಶವನ್ನು ಪ್ರಕಟಿಸಿ, ಅಲ್ಲಿ ಹಕ್ಕುಳ್ಳವರ ಅಹವಾಲುಗಳನ್ನು ಅರಣ್ಯ ವ್ಯವಸ್ಥಾಪನಾಧಿಕಾರಿ ಕೇಳಿ ತೀರ್ಮಾನಿಸಿದ ನಂತರ, 17ನೇ ಸೆಕ್ಷನ್ನಿನಡಿ ಅಂತಿಮ ಅಧಿಸೂಚನೆ ಹೊರಡುತ್ತದೆ. ಅರಣ್ಯ ವಿಷಯವು 1976ರವರೆಗೆ ಕೇವಲ ರಾಜ್ಯಗಳದ್ದಾಗಿತ್ತು. ಆ ವರ್ಷ ಸಂವಿಧಾನದ 42ನೇ ತಿದ್ದುಪಡಿಯ ಮೂಲಕ ಅದು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯು ರಾಜ್ಯಗಳ ಕೈ ಕಟ್ಟಿತು: ಮೀಸಲು ಅರಣ್ಯವನ್ನು ಪಟ್ಟಿಯಿಂದ ಕೈಬಿಡಬೇಕಾದರೆ ಅಥವಾ ಅರಣ್ಯೇತರ ಉದ್ದೇಶಕ್ಕೆ ಬಳಸಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಇರಲೇಬೇಕು ಎಂದಾಯಿತು. ಖಾಸಗಿಯವರಿಗೆ ಗುತ್ತಿಗೆ ಕೊಡುವ ವಿಚಾರವನ್ನೂ 1988ರಲ್ಲಿ ಇದರ ವ್ಯಾಪ್ತಿಗೆ ತರಲಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲವೂ ಈ ಕಾಯ್ದೆಯಡಿ ಕಾಡೇ ಎಂದು ಹೇಳಿತು.

2023ರ ತಿದ್ದುಪಡಿ ಕೈಹಾಕಿದ್ದು ಈ ವ್ಯಾಪ್ತಿಗೆ. ಕಾನೂನಿನ ಪ್ರಕಾರ ಅಧಿಸೂಚಿತವಾದ ಕಾಡು, ಮತ್ತು 1980ರ ಅಕ್ಟೋಬರ್ 25ರಂದು ಅಥವಾ ಆನಂತರ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಭೂಮಿ — ಇವೆರಡನ್ನು ಮಾತ್ರ ಅದು ಕಾಯ್ದೆಯ ಒಳಗೆ ಇಟ್ಟುಕೊಂಡಿತು. ದಾಖಲೆಯಲ್ಲಿ ಇಲ್ಲದಿದ್ದರೂ ನೆಲದ ಮೇಲೆ ಇರುವ ಕಾಡು ಹೊರಗುಳಿಯುವ ಭೀತಿ ಎದ್ದದ್ದು ಇಲ್ಲಿಂದ. ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 19ರಂದು ಮಧ್ಯಂತರ ಆದೇಶ ನೀಡಿ, ರಾಜ್ಯಗಳು ತಮ್ಮ ಅರಣ್ಯಗಳ ಕ್ರೋಡೀಕೃತ ದಾಖಲೆ ಸಿದ್ಧಪಡಿಸುವವರೆಗೆ 1996ರ ಅರ್ಥವನ್ನೇ ಪಾಲಿಸಬೇಕೆಂದು ಸೂಚಿಸಿತು. ಹಾಗಾಗಿ ಆ ದಾಖಲೆಯಲ್ಲಿ ಯಾವ ಸರ್ವೆ ನಂಬರು ಇರುತ್ತದೆ, ಯಾವುದು ಇರುವುದಿಲ್ಲ ಎಂಬುದೇ ಈಗಿನ ಮುಖ್ಯ ಪ್ರಶ್ನೆ. ಪತ್ರಿಕೆಗಳಲ್ಲಿ ಇದರ ಚರ್ಚೆ ಆಗಬೇಕಾದಷ್ಟು ಆಗಿಲ್ಲವೆಂಬುದು ನಮ್ಮ ಅಭಿಪ್ರಾಯ.

ಚಾಮುಂಡಿ ಬೆಟ್ಟದ ಬಹುಭಾಗ ಮೀಸಲು ಅರಣ್ಯ. ಆದುದರಿಂದ ಅದು ತಿದ್ದುಪಡಿಯ ನಂತರವೂ ಕಾಯ್ದೆಯ ರಕ್ಷಣೆಯಲ್ಲೇ ಇದೆ. ಅಲ್ಲಿ ಗಮನಿಸಬೇಕಾದದ್ದು ಬೇರೆ ವಿಚಾರ. ಅರಣ್ಯ ಇಲಾಖೆಯ ಅನುಮೋದಿತ ಕಾರ್ಯಯೋಜನೆಯಲ್ಲಿ ಸೇರಿದ್ದರೆ ಪರಿಸರ ಪ್ರವಾಸೋದ್ಯಮದ ಸೌಲಭ್ಯಗಳನ್ನು ಅರಣ್ಯೇತರ ಬಳಕೆಯೆಂದು ಪರಿಗಣಿಸಬೇಕಿಲ್ಲ ಎಂದು ತಿದ್ದುಪಡಿ ಹೇಳುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಂಥ ಸಂರಕ್ಷಿತ ಪ್ರದೇಶಗಳ ಹೊರಗಿನ ಕಾಡಿನಲ್ಲಿ ಸರ್ಕಾರ ನಡೆಸುವ ಮೃಗಾಲಯ, ಸಫಾರಿಗಳಿಗೂ ಇಂಥದೇ ವಿನಾಯಿತಿ ಇದೆಯಾದರೂ, ಅವುಗಳಿಗೆ ತನ್ನ ಒಪ್ಪಿಗೆ ಬೇಕೆಂದು ಅದೇ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೆಟ್ಟಕ್ಕೆ ರೋಪ್‌ವೇ ಹಾಕುವ ಪ್ರಸ್ತಾಪ ಹಲವು ಬಾರಿ ತಲೆಯೆತ್ತಿ ಮೈಸೂರಿಗರ ವಿರೋಧದಿಂದ ಬದಿಗೆ ಸರಿದದ್ದು ನಿಮಗೆ ತಿಳಿದೇ ಇದೆ. 2021ರ ಮಳೆಯಲ್ಲಿ ಬೆಟ್ಟದ ನಂದಿ ವಿಗ್ರಹಕ್ಕೆ ಹೋಗುವ ರಸ್ತೆ ಕುಸಿದದ್ದನ್ನು ಕಂಡವರಿಗೆ ಆ ಇಳಿಜಾರು ಎಷ್ಟು ಭಾರ ತಡೆದೀತು ಎಂದು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಬಳಗವು ಮೈಸೂರು ಅರಣ್ಯ ವಿಭಾಗದ ಕಾರ್ಯಯೋಜನೆಯ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿ ಬೆಟ್ಟದ ಬಗ್ಗೆ ಏನು ಬರೆದಿದೆ ಎಂದು ಓದುವುದು ಉತ್ತಮ.

ಪ್ರಶ್ನೆ: ನಮ್ಮೂರ ಗೋಮಾಳ ಮೇಲುಕೋಟೆ ಕಾಡಿನ ಸೆರಗಿನಲ್ಲಿದೆ. ಮೊದಲು ಅದು ಡೀಮ್ಡ್ ಅರಣ್ಯ, ಕುರಿ ಬಿಡಬೇಡಿ ಎಂದರು. ಆಮೇಲೆ ಪಟ್ಟಿಯಿಂದ ತೆಗೆದಿದ್ದಾರೆ ಎಂದು ಕೇಳಿದೆವು, ಸಂತೋಷಪಟ್ಟೆವು. ಈಗ ಅದೇ ಜಾಗವನ್ನು ಯಾವುದೋ ಕಂಪನಿಗೆ ಕೊಡುತ್ತಾರೆಂಬ ಸುದ್ದಿ ಹಬ್ಬಿದೆ. ಕಾಡಾಗಿದ್ದರೆ ನಮಗೆ ಕಷ್ಟ, ಕಾಡಲ್ಲದಿದ್ದರೆ ಇನ್ನೂ ಕಷ್ಟ ಎಂಬಂತಾಗಿದೆ. ದಾರಿ ತೋರಿಸಿ.
— ರೈತರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಸಂಕಟವನ್ನು ನೀವೇ ಬಹಳ ಸ್ಪಷ್ಟವಾಗಿ ಹೇಳಿದ್ದೀರಿ. 1996ರ ತೀರ್ಪಿನ ನಂತರ ರಾಜ್ಯದ ತಜ್ಞರ ಸಮಿತಿಯು ಅಧಿಸೂಚಿತವಲ್ಲದ, ಆದರೆ ಕಾಡಿನ ಲಕ್ಷಣವಿರುವ ಸುಮಾರು 9.94 ಲಕ್ಷ ಹೆಕ್ಟೇರ್ ಭೂಮಿಯನ್ನು ಡೀಮ್ಡ್ ಅರಣ್ಯವೆಂದು ಗುರುತಿಸಿತ್ತು. ಅದರಲ್ಲಿ ಗೋಮಾಳಗಳು, ಊರೊಟ್ಟಿನ ಗುಡ್ಡಗಳು, ರೈತರು ತಲೆಮಾರುಗಳಿಂದ ಉಳುತ್ತಿದ್ದ ತುಂಡುಗಳು, ಕೆಲವೆಡೆ ಶಾಲೆ ಮತ್ತು ಸ್ಮಶಾನಗಳ ಜಾಗಗಳೂ ಸೇರಿಹೋಗಿ ಜನರ ಅಸಮಾಧಾನಕ್ಕೆ ಕಾರಣವಾಯಿತು. 2022ರಲ್ಲಿ ರಾಜ್ಯ ಸರ್ಕಾರ ಪಟ್ಟಿಯನ್ನು ಪರಿಷ್ಕರಿಸಿ, ಸುಮಾರು 3.30 ಲಕ್ಷ ಹೆಕ್ಟೇರನ್ನು ಮಾತ್ರ ಉಳಿಸಿಕೊಂಡು, ಮಿಕ್ಕ ಸುಮಾರು 6.64 ಲಕ್ಷ ಹೆಕ್ಟೇರನ್ನು ಕಂದಾಯ ಇಲಾಖೆಗೆ ಬಿಡಲು ತೀರ್ಮಾನಿಸಿತು. ರೈತರಿಗೆ ಅನುಕೂಲವಾಗಲೆಂಬುದು ಹೇಳಿಕೆ. ಆದರೆ ಕಂದಾಯ ಭೂಮಿಯನ್ನು ರೈತರಿಗೆ ಮಂಜೂರು ಮಾಡಬಹುದಾದಂತೆ ಉದ್ಯಮಕ್ಕೂ ಮಂಜೂರು ಮಾಡಬಹುದು, ಮತ್ತು ಎರಡನೆಯದಕ್ಕೆ ಕಡತ ಬೇಗ ಸಾಗುತ್ತದೆ ಎಂಬುದು ನಮ್ಮ ತಾಲ್ಲೂಕು ಕಚೇರಿಗಳ ಮೆಟ್ಟಿಲು ತುಳಿದವರಿಗೆಲ್ಲ ಗೊತ್ತು.

ನೀವು ಮೊದಲು ಮಾಡಬೇಕಾದ ಕೆಲಸ ಆ ಸರ್ವೆ ನಂಬರಿನ ಪಹಣಿಯನ್ನು ತೆಗೆಸಿ ನೋಡುವುದು. 9ನೇ ಕಲಂನಲ್ಲಿ, ಅಂದರೆ ಒಡೆತನದ ಕಲಂನಲ್ಲಿ, ಸರ್ಕಾರಿ ಗೋಮಾಳ ಎಂದಿದೆಯೇ, ಅರಣ್ಯ ಎಂದಿದೆಯೇ ಎಂದು ಗಮನಿಸಿ. ಇತರ ಹಕ್ಕು ಮತ್ತು ಋಣಗಳನ್ನು ತೋರಿಸುವ 11ನೇ ಕಲಂನಲ್ಲಿ ಏನಾದರೂ ಹೊಸ ಆದೇಶದ ಸಂಖ್ಯೆ ಕಾಣಿಸಿಕೊಂಡಿದೆಯೇ ಎಂದೂ ನೋಡಿ. ಹಾಗಿದ್ದರೆ ಆ ಆದೇಶದ ಪ್ರತಿಯನ್ನೇ ಕೇಳಬೇಕು. ಹತ್ತು ಹದಿನೈದು ವರ್ಷಗಳ ಹಿಂದಿನ ಪಹಣಿಯನ್ನೂ ತೆಗೆಸಿ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಎಲ್ಲಿ, ಯಾವ ಆದೇಶದಿಂದ ನಮೂದು ಬದಲಾಯಿತು ಎಂಬುದು ತಾನಾಗಿಯೇ ಕಾಣುತ್ತದೆ. ಜೊತೆಗೆ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯಗಳನ್ನು ತೋರಿಸುವ ಆಕಾರ್‌ಬಂದ್ ಮತ್ತು ಗ್ರಾಮ ನಕ್ಷೆಯನ್ನೂ ಪಡೆದಿಟ್ಟುಕೊಳ್ಳಿ.

ಗೋಮಾಳವಾಗಿದ್ದರೆ ನಿಮ್ಮ ಕೈಯಲ್ಲಿ ಇನ್ನೊಂದು ಬಲವಾದ ನಿಯಮವಿದೆ. ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಲೆಕ್ಕದಲ್ಲಿ ಗ್ರಾಮದ ಮೇವಿಗೆ ಸರ್ಕಾರಿ ಭೂಮಿಯನ್ನು ಕಾಯ್ದಿರಿಸಬೇಕೆಂದು 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮ ಹೇಳುತ್ತದೆ. ಪಶು ಆಸ್ಪತ್ರೆಯಿಂದ ನಿಮ್ಮ ಊರಿನ ಜಾನುವಾರು ಗಣತಿಯ ಸಂಖ್ಯೆಯನ್ನು ಪಡೆದು ಗುಣಿಸಿ ನೋಡಿ. ಈಗಿರುವ ಗೋಮಾಳ ಅದಕ್ಕಿಂತ ಕಡಿಮೆಯಿದ್ದರೆ, ಅದರಲ್ಲಿ ಮತ್ತೊಂದು ಗುಂಟೆಯನ್ನು ತೆಗೆಯುವುದನ್ನೂ ಆ ಲೆಕ್ಕ ಮುಂದಿಟ್ಟು ಪ್ರಶ್ನಿಸಬಹುದು. ಗ್ರಾಮಗಳ ಸಾಮುದಾಯಿಕ ಭೂಮಿಯನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಹಿಂದಿರುಗಿಸಬೇಕೆಂದು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿದೆ.

ಒಂದು ಮಾತು ಪ್ರಶ್ನೆಯಿಂದ ಸ್ವಲ್ಪ ಆಚೆಗೆ. ಮೇಲುಕೋಟೆ ದೇವಾಲಯ ವನ್ಯಜೀವಿಧಾಮವನ್ನು 1974ರಲ್ಲಿ ಘೋಷಿಸಿದಾಗ ಅಲ್ಲಿನ ತೋಳಗಳು ಮುಖ್ಯ ಕಾರಣವಾಗಿದ್ದವು. ತೋಳಕ್ಕೆ ಬೇಕಾದದ್ದು ಕಾರೆ, ಬಾರೆ, ಜಾಲಿಗಳ ಕುರುಚಲು ಮತ್ತು ಹುಲ್ಲುಗಾವಲು. ಆದರೆ ಮಂಡ್ಯದ ಇಂಥ ನೆಲವನ್ನು ಕಾಗದದಲ್ಲಿ ಬೀಳು, ಖರಾಬು ಎಂದೇ ಕರೆದು ಬಂದಿದ್ದೇವೆ. ಮರವಿಲ್ಲದ್ದನ್ನು ಕಾಡೆಂದು ಒಪ್ಪಲು ಅಧಿಕಾರಿಗಳಷ್ಟೇ ಅಲ್ಲ, ಪೇಟೆಯ ಪರಿಸರಪ್ರಿಯರೂ ಹಿಂಜರಿಯುತ್ತಾರೆ. ನಿಮ್ಮ ಕುರಿಗಳೂ ಆ ತೋಳಗಳೂ ನಂಬಿಕೊಂಡಿರುವುದು ಒಂದೇ ನೆಲವನ್ನು. ಆ ನೆಲಕ್ಕೆ ಬೇಲಿ ಬಿದ್ದರೆ ಇಬ್ಬರೂ ಹೊರಗೆ.

ಪ್ರಶ್ನೆ: ಸರ್ಕಾರ ಒಮ್ಮೆ ಯೋಜನೆ ಮಾಡಿದ ಮೇಲೆ ಜನ ಕೂಗಿ ಏನು ಪ್ರಯೋಜನ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಸರ್ಕಾರಿ ಕಾಡಿನ ವಿಷಯದಲ್ಲಿ ಜನರ ವಿರೋಧದಿಂದ ಯೋಜನೆ ನಿಂತ ಉದಾಹರಣೆ ಇದೆಯೇ? ಇಂಗ್ಲೆಂಡಿನಲ್ಲಿ ಹಾಗಾಯಿತೆಂದು ಎಲ್ಲೋ ಓದಿದೆ.
— ಪದವಿ ವಿದ್ಯಾರ್ಥಿನಿ, ಮದ್ದೂರು

ಉತ್ತರ: ನೀವು ಓದಿದ್ದು ಸರಿ. 2010ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಇಂಗ್ಲೆಂಡಿನ ಸಾರ್ವಜನಿಕ ಅರಣ್ಯವನ್ನು, ಅಂದರೆ ಸುಮಾರು 2.58 ಲಕ್ಷ ಹೆಕ್ಟೇರನ್ನು, ಮಾರುವ ಅಥವಾ ದೀರ್ಘ ಗುತ್ತಿಗೆಗೆ ಕೊಡುವ ಆಲೋಚನೆಗೆ ಕೈಹಾಕಿತು. 2011ರ ಜನವರಿ ಕೊನೆಯಲ್ಲಿ ಜನಾಭಿಪ್ರಾಯ ಕೇಳಿದ್ದೇ ತಡ, ವಿರೋಧದ ಮನವಿಗೆ 5 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಫೆಬ್ರುವರಿ 17ರಂದು ಸಚಿವೆಯೇ ಸಂಸತ್ತಿನಲ್ಲಿ ಯೋಜನೆಯನ್ನು ಕೈಬಿಟ್ಟು ಕ್ಷಮೆ ಕೇಳಿದರು. ಆನಂತರ ನೇಮಕವಾದ ಸ್ವತಂತ್ರ ಸಮಿತಿಯು ಕಾಡು ಸಾರ್ವಜನಿಕ ಒಡೆತನದಲ್ಲೇ ಇರಬೇಕೆಂದು 2012ರಲ್ಲಿ ವರದಿ ಕೊಟ್ಟಿತು.

ಆದರೆ ಉದಾಹರಣೆಗಾಗಿ ಅಷ್ಟು ದೂರ ಹೋಗಬೇಕಿಲ್ಲ. 1984ರಲ್ಲಿ ನಮ್ಮ ರಾಜ್ಯ ಸರ್ಕಾರವು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಹುಟ್ಟುಹಾಕಿ, ನೀಲಗಿರಿ ಮುಂತಾದ ಮರ ಬೆಳೆಯಲು ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಒಪ್ಪಿಸಲು ಹೊರಟಿತು. ಆ ಭೂಮಿ ಹಳ್ಳಿಯವರಿಗೆ ಸೌದೆ, ಸೊಪ್ಪು, ಮೇವು ಒದಗಿಸುತ್ತಿದ್ದ ಬೆಟ್ಟ ಬಯಲು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಹಾವೇರಿ ಸೀಮೆಯ ಕುಸನೂರಿನಲ್ಲಿ ಊರವರು ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಂಡಿಗಳಲ್ಲಿ ತಮಗೆ ಉಪಯೋಗವಾಗುವ ಜಾತಿಯ ಗಿಡಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವೆಂದೇ ಅದು ಹೆಸರಾಯಿತು. ಇತ್ತ ಶಿವರಾಮ ಕಾರಂತರೂ ಸೇರಿದಂತೆ ಕೆಲವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು. ಈ ಹೋರಾಟದಲ್ಲಿ ನಮಗೆ ಮುಖ್ಯವೆನಿಸುವುದು, ಬಯಲಿನಲ್ಲಿ ಗುದ್ದಲಿ ಹಿಡಿದವರೂ ನ್ಯಾಯಾಲಯದಲ್ಲಿ ಕಾಗದ ಹಿಡಿದವರೂ ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ ಎಂಬ ಸಂಗತಿ.

ಇನ್ನೊಂದು ನಮ್ಮ ಪಕ್ಕದ್ದೇ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೆ ಮೂರ್ಕಲ್ ಎಂಬಲ್ಲಿ ಅರಣ್ಯ ಇಲಾಖೆಗೆ ಸೇರಿದ ವಸತಿಗೃಹಗಳನ್ನು 1990ರ ದಶಕದಲ್ಲಿ ಸರ್ಕಾರ ಹೋಟೆಲ್ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟಿತು. ತಮ್ಮನ್ನು ಕಾಡಿನಿಂದ ಹೊರಗೆ ಕಳುಹಿಸುತ್ತಾ ಪ್ರವಾಸಿಗರಿಗೆ ಒಳಗೆ ಕೋಣೆ ಕಟ್ಟಿಕೊಡುವುದೇನು ಎಂದು ಕೇಳಿ ಅಲ್ಲಿನ ಆದಿವಾಸಿಗಳ ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. ಕೇಂದ್ರದ ಪೂರ್ವಾನುಮತಿ ಪಡೆಯದೆ ಅರಣ್ಯವನ್ನು ಹೀಗೆ ವಹಿಸಿಕೊಟ್ಟದ್ದು 1980ರ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ತೀರ್ಪು ಬಂತು.

ಎಲ್ಲ ಹೋರಾಟಗಳೂ ಹೀಗೆ ಕೊನೆಗೊಂಡಿಲ್ಲ ಎಂಬುದನ್ನೂ ಹೇಳಬೇಕು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 2015ರಲ್ಲೇ ಉತ್ಪಾದನೆ ನಿಲ್ಲಿಸಿತ್ತು. ಆದರೂ ಅದಕ್ಕೆ ಕೊಟ್ಟಿದ್ದ ಸುಮಾರು 20 ಸಾವಿರ ಹೆಕ್ಟೇರ್ ನೆಡುತೋಪಿನ ಗುತ್ತಿಗೆ 2020ರಲ್ಲಿ ಮುಗಿದಾಗ, ಸರ್ಕಾರ ಅದನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. ಮಲೆನಾಡಿನ ಜನ ಅಕೇಶಿಯಾ ಬೇಡ, ಸಹಜ ಕಾಡು ಬೆಳೆಯಲು ಬಿಡಿ ಎಂದು ಬೀದಿಗಿಳಿಯಬೇಕಾಯಿತು.

ಪ್ರಶ್ನೆ: ಸ್ವಾಮಿ, ನಮ್ಮ ಆದಿವಾಸಿ ಹಾಡಿಗೆ ಕೆಲವರು ಬಂದು, ಕಾಡಿನೊಳಗೆ ಏನೋ ಕಾಮಗಾರಿ ಇದೆ, ಪಂಚಾಯಿತಿಯಲ್ಲಿ ಸಭೆ ಆಗಿದೆ, ನೀವು ಸಹಿ ಹಾಕಿ ಎಂದರು. ಹಾಕಬೇಕೇ?
— ಜೇನುಕುರುಬ ಯುವಕ, ಹೆಗ್ಗಡದೇವನಕೋಟೆ ತಾಲ್ಲೂಕು

ಉತ್ತರ: ಓದದೆ ಹಾಕಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ ಉದ್ದೇಶಕ್ಕೆ ಗ್ರಾಮಸಭೆ ಎಂದರೆ ನಿಮ್ಮ ಹಾಡಿಯ ಸಭೆಯೇ ಆಗಬಹುದು; ಗ್ರಾಮ ಪಂಚಾಯಿತಿಯ ಸದಸ್ಯರು ಕಚೇರಿಯಲ್ಲಿ ಕೂತು ಮಾಡಿದ ನಿರ್ಣಯ ಅದಕ್ಕೆ ಸಮನಲ್ಲ. 2012ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟಾದರೂ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ಹಕ್ಕುಗಳ ಗುರುತಿಸುವಿಕೆ ಮತ್ತು ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಅವರ ನೆಲದಿಂದ ಎಬ್ಬಿಸುವಂತಿಲ್ಲವೆಂದು ಕಾಯ್ದೆಯ 4(5)ನೇ ಸೆಕ್ಷನ್ ಹೇಳುತ್ತದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ವಿಚಾರವನ್ನು ಗ್ರಾಮಸಭೆಗಳ ಮುಂದಿಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, 12 ಹಳ್ಳಿಗಳ ಸಭೆಗಳೂ ಬೇಡವೆಂದವು; ಗಣಿ ಆಗಲಿಲ್ಲ. 2022ರ ಅರಣ್ಯ ಸಂರಕ್ಷಣಾ ನಿಯಮಗಳೂ ಅವುಗಳ ಜಾಗಕ್ಕೆ 2023ರಲ್ಲಿ ಬಂದ ನಿಯಮಗಳೂ ಅರಣ್ಯ ಹಕ್ಕು ಕಾಯ್ದೆ ಪಾಲನೆಯಾಗಿದೆಯೇ ಎಂದು ನೋಡುವ ಹೊಣೆಯನ್ನು ರಾಜ್ಯ ಸರ್ಕಾರದ ಮೇಲೆ, ಅದೂ ಕೇಂದ್ರದ ಒಪ್ಪಿಗೆ ಸಿಕ್ಕ ಮೇಲಿನ ಹಂತಕ್ಕೆ, ತಳ್ಳಿರುವುದರಿಂದ ನೀವು ಹಿಂದಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಸಭೆ ನಡೆದರೆ ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿದ ನಂತರವೇ ಸಹಿ ಹಾಕಿ. ಸಹಿಗಳ ಮೇಲೆ ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆಸಿ. ಬಂದವರ ಹೆಸರು, ಹುದ್ದೆ, ದಿನಾಂಕ ಬರೆದಿಟ್ಟುಕೊಂಡು, ಅರಣ್ಯ ಹಕ್ಕು ಸಮಿತಿಯ ಮೂಲಕ ಉಪವಿಭಾಗಾಧಿಕಾರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಒಂದು ಮರ ಕಡಿದರೆ ಹತ್ತು ನೆಡುತ್ತೇವೆ ಎಂದು ಸರ್ಕಾರವೇ ಹೇಳುವಾಗ ವಿರೋಧವೇಕೆ?
— ಗುತ್ತಿಗೆದಾರರು, ವಿಜಯನಗರ, ಮೈಸೂರು

ಉತ್ತರ: ನೆಡುವುದಕ್ಕೆ ವಿರೋಧವಿಲ್ಲ; ಎಲ್ಲಿ, ಏನನ್ನು, ಯಾವುದರ ಬದಲಿಗೆ ಎಂಬುದು ತಕರಾರು. ಕಾಕನಕೋಟೆಯಂಥ ಕಾಡನ್ನು ಕಳೆದುಕೊಂಡು ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಒಂದೇ ಜಾತಿಯ ಸಸಿ ಸಾಲಾಗಿ ನೆಟ್ಟರೆ ಲೆಕ್ಕಪತ್ರ ಸರಿಹೋಗುತ್ತದೆ, ಎರಡೂ ಕಡೆಯ ಜೀವಜಾಲ ಕೆಡುತ್ತದೆ. ನೀಲಗಿರಿಯನ್ನು ದಶಕಗಳ ಕಾಲ ತಾನೇ ಹಂಚಿ, 2017ರಲ್ಲಿ ತಾನೇ ಅದನ್ನು ನೆಡಬಾರದೆಂದು ಆದೇಶಿಸಿದ ಸರ್ಕಾರ ನಮ್ಮದು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಡಿ, ಕಳೆದುಕೊಂಡ ಕಾಡಿಗೆ ಬದಲಾಗಿ ಗಿಡ ಬೆಳೆಸಲು ಹಣ ಕೂಡುತ್ತದೆ, ಆದರೆ ನೆಲ ಕೂಡುವುದಿಲ್ಲ. 2023ರ ಹಸಿರು ಕ್ರೆಡಿಟ್ ನಿಯಮಗಳು ಕಂಪನಿಗಳ ಹಣದಿಂದ ಕ್ಷೀಣಿಸಿದ ಸರ್ಕಾರಿ ಅರಣ್ಯದಲ್ಲೇ ಗಿಡ ನೆಡಿಸಿ, ಅದಕ್ಕೆ ಅವುಗಳ ಹೆಸರಿನಲ್ಲಿ ಕ್ರೆಡಿಟ್ ಕೊಡುವ ವ್ಯವಸ್ಥೆಯನ್ನು ತಂದಿವೆ. ಕ್ಷೀಣಿಸಿದ್ದೆಂದು ಹೇಳುವ ಆ ನೆಲದಲ್ಲೇ ಪಾಂಡವಪುರದ ನಮ್ಮ ಓದುಗರ ಕುರಿಗಳು ಮೇಯುತ್ತಿರಬಹುದು.

ಪ್ರಶ್ನೆ: ಆಕ್ಷೇಪಣೆಯನ್ನು ಯಾರಿಗೆ, ಹೇಗೆ, ಎಷ್ಟು ದಿನದೊಳಗೆ ಬರೆಯಬೇಕು? ಒಂದು ಮಾದರಿ ಕೊಡಿ.
— ಸ್ವಸಹಾಯ ಸಂಘದ ಸದಸ್ಯೆ, ಶ್ರೀರಂಗಪಟ್ಟಣ ತಾಲ್ಲೂಕು, ಇನ್ನೂ ಕೆಲವರು

ಉತ್ತರ: ಎಲ್ಲಕ್ಕೂ ಒಂದೇ ಗಡುವಿಲ್ಲ. ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆ ಬಂದರೆ ಆಕ್ಷೇಪಣೆಗೆ 60 ದಿನಗಳಿರುತ್ತವೆ. ಊರು ಪಟ್ಟಣಗಳಲ್ಲಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಿದ್ದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಕೇಳುವ ಪ್ರಸ್ತಾವಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ದಾಖಲಾಗುತ್ತವೆ. ಜಿಲ್ಲೆಯ ಹೆಸರಿನಿಂದ ಹುಡುಕಿದರೆ ಯಾರು, ಎಷ್ಟು ಹೆಕ್ಟೇರ್, ಯಾವ ಕಾರಣಕ್ಕೆ ಕೇಳಿದ್ದಾರೆಂಬುದು ತಿಳಿಯುತ್ತದೆ. ನಿಮ್ಮ ಸಂಘದಲ್ಲಿ ಮೊಬೈಲ್ ಬಳಸಬಲ್ಲ ಹೆಣ್ಣುಮಗಳೊಬ್ಬಳು ತಿಂಗಳಿಗೊಮ್ಮೆ ಅದನ್ನು ನೋಡುವಂತೆ ಏರ್ಪಾಡು ಮಾಡಿಕೊಳ್ಳಿ.

ಬರೆಯುವಾಗ ಪ್ರಕೃತಿಮಾತೆಯ ವರ್ಣನೆಯಿಂದ ಆರಂಭಿಸಬೇಡಿ. ಅಂಥ ಪತ್ರಗಳು ಕಡತದ ತಳ ಸೇರುತ್ತವೆ. ಈ ಬಗೆಯ ವಾಕ್ಯ ಸಾಕು: 'ಇಂತಹ ಗ್ರಾಮದ ಇಂತಹ ಸರ್ವೆ ನಂಬರಿನ ಇಷ್ಟು ಎಕರೆ ಭೂಮಿಯು ಇಂತಹ ದಿನಾಂಕದ ಅಧಿಸೂಚನೆಯಂತೆ ಮೀಸಲು ಅರಣ್ಯವಾಗಿದ್ದು, ಉದ್ದೇಶಿತ ಕಾಮಗಾರಿಗೆ ಕೇಂದ್ರದ ಪೂರ್ವಾನುಮತಿ ಪಡೆಯಲಾಗಿದೆಯೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕು, ಪಡೆದಿಲ್ಲವಾದರೆ ಕಾಮಗಾರಿಗೆ ನಮ್ಮ ಆಕ್ಷೇಪಣೆಯನ್ನು ದಾಖಲಿಸಿಕೊಳ್ಳಬೇಕು.' ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಬರೆದು, ಜಿಲ್ಲಾಧಿಕಾರಿಗೂ ಬೆಂಗಳೂರಿನಲ್ಲಿರುವ ಕೇಂದ್ರ ಸಚಿವಾಲಯದ ಪ್ರಾದೇಶಿಕ ಕಚೇರಿಗೂ ಪ್ರತಿ ಕಳುಹಿಸಿ, ಸ್ಪೀಡ್ ಪೋಸ್ಟ್ ಅಂಚೆಯ ರಸೀದಿ ಇಟ್ಟುಕೊಳ್ಳಿ.

ಅಧಿಸೂಚನೆಯ ಪ್ರತಿ ನಿಮ್ಮಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದ ಮೀರಬಾರದು. ಈ ಮಿತಿಯ ನೆಪದಲ್ಲಿ ಎಷ್ಟೋ ಅರ್ಜಿಗಳು ವಾಪಸಾಗುವುದರಿಂದ ಪದ ಎಣಿಸಿಯೇ ಬರೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಅನುಮತಿ ಈಗಾಗಲೇ ಹೊರಬಿದ್ದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗಬೇಕಾಗುತ್ತದೆ. ಆದೇಶ ತಿಳಿದ 30 ದಿನಗಳೊಳಗೆ ಮೇಲ್ಮನವಿ ಹಾಕಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಕೊಡುವ ಅಧಿಕಾರ ಮಂಡಳಿಗಿದೆ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಮರ ಬೀಳುವ ಸದ್ದು ಕೇಳಿದ ದಿನದಿಂದ ದಿನ ಎಣಿಸಲು ಆರಂಭಿಸಿದವರ ಅರ್ಜಿ ಬಹುಪಾಲು ಗಡುವು ಮೀರಿರುತ್ತದೆ. ಆದುದರಿಂದ ಸರ್ವೆ ನಂಬರು, ಅಧಿಸೂಚನೆ, ಪಹಣಿ, ಗ್ರಾಮ ನಕ್ಷೆ — ಈ ನಾಲ್ಕನ್ನು ಯಾವ ಯೋಜನೆಯ ಸುದ್ದಿಯೂ ಇಲ್ಲದ ಈಗಲೇ ತೆಗೆಸಿ ಸಂಘದ ಕಪಾಟಿನಲ್ಲಿ ಇಟ್ಟಿರಿ.